ಅಜ್ಜನ ಕುದುರೆ ಯಾರದ್ದು?

"ನಮ್ಮ ಹಿರೇರು ನಿಜಾಮನ ಫೌಜಿನಾಗ ಸರದಾರ ಇದ್ದವರು. ಹತ್ತಿ ಹಿಂಜೋರ ಮನಿಗೆ ಹೆಣ್ಣು ಹ್ಯಾಂಗ ಕೊಡೋದು?"

ಅಫಜಲಪುರದ ನಮ್ಮ ಫುಪ್ಪು ಹೀಗೆ ಕೇಳಿದಾಗ ಮನೆಯಲ್ಲಿ ಯಾರೂ ಎದುರು ಮಾತನಾಡಲಿಲ್ಲ. ನನ್ನ ಅಣ್ಣನ ಮಗಳಿಗೆ ಜೇವರ್ಗಿಯಿಂದ ಸಂಬಂಧ ಬಂದಿತ್ತು. ಹುಡುಗ ಓದಿದ್ದಾನೆ, ಕೆಲಸದಲ್ಲಿದ್ದಾನೆ, ನಮಾಝ್ ಬಿಡುವವನಲ್ಲ. ವರದಕ್ಷಿಣೆಯ ಮಾತನ್ನು ಅವರು ಎತ್ತಿಯೇ ಇಲ್ಲ. ಆದರೆ ಅವನ ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನದಾಫರ ಮನೆತನ. ಹುಜುರಾತ್ ಅಧ್ಯಾಯವನ್ನು ಪ್ರತಿ ವರ್ಷ ಹೆಣ್ಣುಮಕ್ಕಳಿಗೆ ಕಲಿಸುವ ನಾನೂ ಆ ದಿನ ಬಾಯಿ ಮುಚ್ಚಿಕೊಂಡೇ ಕುಳಿತಿದ್ದೆ. ತರಗತಿಯಲ್ಲಿ ಹೇಳುವುದು ಬೇರೆ, ಹಿರಿಯರ ಮುಂದೆ ಹೇಳುವುದು ಬೇರೆ.

ಸರದಾರ ಅಜ್ಜನ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ. ಖರ್ಡಾ ಯುದ್ಧದಲ್ಲಿ ಅವರು ಕಾದಾಡಿದರಂತೆ, ನಿಜಾಮರು ಮೆಚ್ಚಿ ಸನದು ಕೊಟ್ಟರಂತೆ. ಆಳಂದದ ನಮ್ಮ ಮನೆಯಲ್ಲಿ ಕತ್ತಿಯೂ ಇಲ್ಲ, ಗುರಾಣಿಯೂ ಇಲ್ಲ. ಇರುವುದು ದಾದಿಯ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಹಳೆಯ ನಿಕಾಹ್‌ನಾಮೆಗಳು, ಕಂದಾಯದ ರಸೀದಿಗಳು, ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ಪಾರ್ಸಿ ಕಾಗದ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯ ಗಲಭೆ ಎದ್ದಾಗ ದಾದಿ ಈ ಗಂಟನ್ನು ಹಗೇವಿನಲ್ಲಿ ಜೋಳದ ಕೆಳಗೆ ಹುಗಿದಿಟ್ಟಿದ್ದರಂತೆ. ಆ ಬಟ್ಟೆ ಬಿಚ್ಚಿ ಓದಿದವರು ಮಾತ್ರ ಯಾರೂ ಇರಲಿಲ್ಲ. ಅದೇ ಸನದು ಎಂದು ಎಲ್ಲರೂ ನಂಬಿದ್ದೆವು.

ಫುಪ್ಪುವಿನ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಓದಿಯೇ ಬಿಡೋಣ ಎಂದು ಕುಳಿತೆ. ಮದರಸಾದಲ್ಲಿ ಗುಲಿಸ್ತಾನ್ ಓದಿದವಳು ನಾನು, ಆದರೆ ಅದು ಅಚ್ಚಿನ ಅಕ್ಷರ. ದಫ್ತರದ ಗುಮಾಸ್ತರು ಬರೆಯುತ್ತಿದ್ದುದು ಶಿಕಸ್ತಾ ಬರಹ. ಚುಕ್ಕೆಗಳಿಲ್ಲ, ಒಂದು ಪದ ಇನ್ನೊಂದರ ಮೈಮೇಲೆ ಬಿದ್ದಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ, ಇಶಾ ನಮಾಝಿನ ನಂತರ ದಿನಕ್ಕೊಂದು ಸಾಲಿನಂತೆ ಬಿಡಿಸಿದೆ. ತೊಡಕು ಬಂದಲ್ಲಿ ಕಲಬುರಗಿಯಲ್ಲಿರುವ ನನ್ನ ಹಳೆಯ ಉಸ್ತಾದರು ನೆರವಾದರು.

ಅದು ಸನದಾಗಿರಲಿಲ್ಲ, ಚೆಹ್ರಾ ಆಗಿತ್ತು. ಫೌಜಿಗೆ ಸೇರಿದವನ ಮುಖಲಕ್ಷಣ ಬರೆದಿಡುವುದು, ಕುದುರೆಗೆ ಕಾಯಿಸಿದ ಕಬ್ಬಿಣದಿಂದ ದಾಗ್ ಎಂಬ ಬರೆ ಹಾಕುವುದು ಮೊಗಲರ ಕಾಲದಿಂದ ಬಂದ ಪದ್ಧತಿ. ಹಾಜರಿಯ ದಿನ ಬೇರೊಬ್ಬನನ್ನು ನಿಲ್ಲಿಸಿ, ಬಡಕಲು ಕುದುರೆ ತೋರಿಸಿ ಸಂಬಳ ಹೊಡೆಯಬಾರದಲ್ಲ, ಅದಕ್ಕೆ. ಇಂದಿನ ಆಧಾರ್ ಕಾರ್ಡ್ ಎನ್ನಿ. ಇಂಥ ಮೊಗಲ್ ಕಾಲದ ಕಾಗದಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ರಾಶಿಗಟ್ಟಲೆ ಇವೆ.

ನಮ್ಮ ಕಾಗದದಲ್ಲಿ ಅಜ್ಜನ ಹೆಸರು, ಅವರ ತಂದೆಯ ಹೆಸರು ಇತ್ತು. ಅದೇ ಹೆಸರು 1240 ಹಿಜರಿಯ ನಿಕಾಹ್‌ನಾಮೆಯಲ್ಲಿ ವರನ ತಂದೆಯದಾಗಿ ಬಂದದ್ದರಿಂದ ಇವರು ನಮ್ಮವರೇ ಎಂಬುದು ಖಾತ್ರಿಯಾಯಿತು. ಗೋಧಿ ಬಣ್ಣ, ಅಗಲ ಹಣೆ, ಮುಖದ ಮೇಲೆ ಸಿಡುಬಿನ ಕಲೆ. ಕುದುರೆ ಕುಮೈತ್, ಅಂದರೆ ಕಂದುಗೆಂಪು. ಮತ್ತೆ ಒಂದು ಪದ: ಬಾರಗೀರ.

ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ನಿಲ್ಲುವವನು ಶಿಲೇದಾರ. ಇನ್ನೊಬ್ಬನ ಕುದುರೆ ಹತ್ತಿ ದುಡಿಯುವವನು ಬಾರಗೀರ. ಕುದುರೆಯ ಹೆಸರಿನ ಹಣ ಒಡೆಯನಿಗೆ, ಸವಾರನಿಗೆ ಅದರಲ್ಲೊಂದು ಪಾಲು. ಬೇರೆಯವರ ಆಟೊ ಓಡಿಸುವ ಹುಡುಗರಿಲ್ಲವೇ, ಹಾಗೆ. ನಮ್ಮ ಸರದಾರ ಅಜ್ಜನಿಗೆ ಸ್ವಂತ ಕುದುರೆಯೇ ಇರಲಿಲ್ಲ.

ತಾರೀಖು ರಜಬ್ 1209. ಕ್ರಿಸ್ತಶಕ 1795ರ ಜನವರಿ-ಫೆಬ್ರವರಿ. ಆಗ ನಿಜಾಮ್ ಅಲಿ ಖಾನರ ಸೈನ್ಯ ಬೀದರ್ ಬಿಟ್ಟು ಪೇಶ್ವೆಯ ಮೇಲೆ ಹೊರಟಿತ್ತು. ಮುಂದಿನ ತಿಂಗಳು ಶಅಬಾನ್‌ನಲ್ಲಿ, ಮಾರ್ಚ್ 11ರಂದು, ಖರ್ಡಾ. ನಮ್ಮ ಕಥೆಯಲ್ಲಿ ಅದು ದೊಡ್ಡ ಪರಾಕ್ರಮ. ಇತಿಹಾಸದಲ್ಲಿ ನಿಜಾಮರು ಅಲ್ಲಿ ಸೋತರು. ಜನಾನಾವನ್ನೂ ಜೊತೆಗೆ ಕರೆದೊಯ್ದಿದ್ದ ಅವರು ರಾತ್ರಿ ಖರ್ಡಾದ ಸಣ್ಣ ಕೋಟೆಯೊಳಗೆ ಹೋಗಿ ಕುಳಿತರು. ಸುತ್ತ ಮರಾಠರು, ಒಳಗೆ ನೀರಿಗೂ ಮೇವಿಗೂ ಪರದಾಟ. ಕೊನೆಗೆ ದೌಲತಾಬಾದ್ ಕೋಟೆ ಬಿಟ್ಟುಕೊಡಲು ಒಪ್ಪಿ, ತಮ್ಮ ಮಂತ್ರಿಯನ್ನೇ ಒತ್ತೆಯಾಗಿ ಪುಣೆಗೆ ಕಳಿಸಿದರು. ಸೋತ ಯುದ್ಧಕ್ಕೆ ಬಾರಗೀರನಿಗೆ ಸನದು ಕೊಟ್ಟವರಾರು? ಬಹುಶಃ ನಮ್ಮ ಮನೆಯ ಹೆಂಗಸರೇ ಮಕ್ಕಳನ್ನು ಮಲಗಿಸುವಾಗ ಕೊಟ್ಟಿರಬೇಕು.

ನನಗೆ ಬೇಸರವೇನೂ ಆಗಲಿಲ್ಲ. ಇಲ್ಲಿಯವರೆಗೆ ಅಜ್ಜ ಎಂದರೆ ಬರೀ ಒಂದು ಕತ್ತಿ. ಈಗ ಅವರಿಗೊಂದು ಮುಖವಿತ್ತು.

ರವಿವಾರ ಅಫಜಲಪುರಕ್ಕೆ ಹೋಗಿ ಫುಪ್ಪುವಿನ ಮುಂದೆ ಎಲ್ಲವನ್ನೂ ಓದಿದೆ. ಬಾರಗೀರ ಎಂದರೇನು ಎಂದು ಎರಡು ಸಲ ಕೇಳಿದರು. ಬಹಳ ಹೊತ್ತು ಸುಮ್ಮನಿದ್ದು, "ಸಿಡುಬು ಬಂದಿತ್ತೇನವ್ವಾ ಪಾಪ, ಆ ಕಾಲದಾಗ ಹ್ಯಾಂಗ ಬದುಕಿದನೋ" ಎಂದರು. ಕಾಗದವನ್ನು ಲ್ಯಾಮಿನೇಷನ್ ಮಾಡಿಸೋಣ ಎಂದ ಅವರ ಮೊಮ್ಮಗನನ್ನು ನಾನು ತಡೆದೆ. ನಿಮ್ಮ ಮನೆಯಲ್ಲೂ ಇಂಥವು ಇದ್ದರೆ ದಯವಿಟ್ಟು ಮಾಡಿಸಬೇಡಿ, ಹಳೆಯ ಕಾಗದ ಅದರ ಬಿಸಿಗೆ ಹಾಳಾಗುತ್ತದೆ, ಮತ್ತೆ ಬಿಡಿಸಲೂ ಬರುವುದಿಲ್ಲ. ಒಣಗಿದ ಹತ್ತಿ ಬಟ್ಟೆ ಸಾಕು.

ಜೇವರ್ಗಿಯವರಿಗೆ ಬರುವ ವಾರ ಊಟಕ್ಕೆ ಬರಲು ಹೇಳಿಕಳಿಸಿದ್ದಾರೆ. ಕಾಗದವನ್ನು ಮಾತ್ರ ಅವರ ಮುಂದೆ ತೆಗೆಯಕೂಡದು ಎಂದು ನನಗೆ ತಾಕೀತು ಮಾಡಿದ್ದಾರೆ.