ಫೋಟೊ ಹೋಂವರ್ಕ್ ಸಾಕಾ? ಮನೆಯಲ್ಲೇ ಕಲಿಯೋ ವಿಶೇಷ ಅಗತ್ಯದ ಮಕ್ಕಳಿಗೆ ಬೇಕಿರೋದೇ ಬೇರೆ

ಶಿರಸಿ: ಮಳೆಗಾಲ ಬಂತಂದ್ರೆ ಉತ್ತರ ಕನ್ನಡದಲ್ಲಿ ಶಾಲೆಗಳಿಗೆ ರಜೆ ಘೋಷಣೆ ಮಾಮೂಲು. ರಜೆ ದಿನ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಂವರ್ಕ್ ಫೋಟೊ ಬಂದು ಬೀಳೋದೂ ಈಗ ಹೊಸದಲ್ಲ. ಉಳಿದ ಮಕ್ಕಳು ಹೇಗೋ ಬರೆದು ಮುಗಿಸ್ತಾರೆ. ಕಣ್ಣು ಕಾಣದ, ಕಿವಿ ಕೇಳದ, ಕಲಿಕೆ ನಿಧಾನ ಇರುವ ಮಗುವಿಗೆ ಆ ಫೋಟೊದಿಂದ ಏನು ಸಿಗುತ್ತೆ?

ಇದು ಕೋವಿಡ್ ಕಾಲದಲ್ಲೇ ಕೇಳಬೇಕಿದ್ದ ಪ್ರಶ್ನೆ. 2020ರಲ್ಲಿ ಶಾಲೆ ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರು ಮಾಡಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ ‘ವಿದ್ಯಾಗಮ’ ಆಗಸ್ಟ್‌ನಲ್ಲಿ ಬಂತು, ಅಕ್ಟೋಬರ್‌ನಲ್ಲಿ ನಿಂತಿತು. ನಮ್ಮ ಜಿಲ್ಲೆಯ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು ದೊಡ್ಡ ಸುದ್ದಿಯಾಯ್ತು. ಗಾಲಿಕುರ್ಚಿಯಲ್ಲಿರೋ ಮಗು ಗುಡ್ಡ ಹತ್ತೋದು ಹೇಗೆ ಅನ್ನೋದು ಮಾತ್ರ ಅಷ್ಟಾಗಿ ಚರ್ಚೆಗೆ ಬರಲೇ ಇಲ್ಲ.

ಇವರಿಗೆ ಲಾಕ್‌ಡೌನ್ ಮುಗಿದೇ ಇಲ್ಲ

ಕೋವಿಡ್ ಹೋದ್ರೂ ವರ್ಷವಿಡೀ ಮನೆಯಲ್ಲೇ ಕಲಿಯೋ ಮಕ್ಕಳಿದ್ದಾರೆ. ತೀವ್ರ ಅಥವಾ ಬಹು ವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣ ಆಯ್ಕೆ ಮಾಡಿಕೊಳ್ಳಬಹುದು ಅಂತ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಇದು ಮಗುವಿಗೆ ಕೊಟ್ಟ ಹಕ್ಕು, ಶಾಲೆ ತನ್ನ ಜವಾಬ್ದಾರಿ ಇಳಿಸಿಕೊಳ್ಳೋ ದಾರಿ ಅಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಮನೆಗೆ ಯಾರೂ ಹೋಗದಿದ್ರೆ ಅದು ಕಾಗದದ ಮೇಲಿನ ಶಿಕ್ಷಣ ಅಷ್ಟೇ.

ಈ ಮಕ್ಕಳ ಮನೆಗೆ ಹೋಗಬೇಕಾದವರು ಸಮಗ್ರ ಶಿಕ್ಷಣದಡಿ ಇರುವ ಬಿಐಇಆರ್‌ಟಿ ಶಿಕ್ಷಕರು. ಇವರು ಬಿಆರ್‌ಸಿಯಲ್ಲಿ ಕೂತು ಇಡೀ ತಾಲ್ಲೂಕು ನೋಡಿಕೊಳ್ಳಬೇಕು. ಜೋಯಿಡಾದಂಥ ಕಾಡಿನ ತಾಲ್ಲೂಕಲ್ಲಿ ಒಂದು ಮನೆ ಮುಟ್ಟಿ ಬರೋಕೇ ಅರ್ಧ ದಿನ ಬೇಕು. ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ಫೋನ್ ಒಂದೇ, ಮಕ್ಕಳ ಅಗತ್ಯ ಬೇರೆ ಬೇರೆ

ಹಾಗಂತ ಫೋನ್ ಉಪಯೋಗಕ್ಕೇ ಬರಲ್ಲ ಅಂತಲ್ಲ. ಕೈಬರಹದ ಫೋಟೊವನ್ನು ಫೋನಿನ ಟಾಕ್‌ಬ್ಯಾಕ್ ಸರಿಯಾಗಿ ಓದಲ್ಲ. ಅದನ್ನೇ ಟೈಪ್ ಮಾಡಿ ಕಳಿಸಿದ್ರೆ ಅಥವಾ ಎರಡು ನಿಮಿಷ ವಾಯ್ಸ್ ಮೆಸೇಜ್ ಹಾಕಿದ್ರೆ ದೃಷ್ಟಿ ದೋಷ ಇರುವ ಮಗುವಿಗೂ ಪಾಠ ಮುಟ್ಟುತ್ತೆ. ಕಿವಿ ಕೇಳದ ಮಗುವಿಗೆ ಇದು ಉಲ್ಟಾ. ವಾಯ್ಸ್ ಮೆಸೇಜ್ ದಂಡ, ಸನ್ನೆ ಭಾಷೆಯ ವಿಡಿಯೊ ಇಲ್ಲವೇ ಚಿತ್ರದ ಜೊತೆ ಬರಹ ಬೇಕು. ವಿಡಿಯೊದಲ್ಲಿ ಶಿಕ್ಷಕರ ಮುಖಕ್ಕೆ ಬೆಳಕು ಬಿದ್ದಿರಬೇಕು, ತುಟಿ ಕಾಣಬೇಕು.

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ದಿನಾ ಒಂದೇ ಹೊತ್ತು, ಒಂದೇ ಜಾಗ ಮುಖ್ಯ. ‘ಮೊದಲು ಓದು, ಆಮೇಲೆ ಆಟ’ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿದ್ರೆ ಮಗುವಿನ ಗಲಿಬಿಲಿ ಕಡಿಮೆ ಆಗುತ್ತೆ. ಬೌದ್ಧಿಕ ವೈಕಲ್ಯ ಇರುವ ಮಗುವಿಗೆ ಒಂದು ಗಂಟೆಯ ಆನ್‌ಲೈನ್ ಕ್ಲಾಸ್ ಶಿಕ್ಷೆ ಇದ್ದಂಗೆ. ಹತ್ತು ಹದಿನೈದು ನಿಮಿಷದ ಕೆಲಸ, ಒಂದು ಸಲಕ್ಕೆ ಒಂದೇ ಹೆಜ್ಜೆ ಸಾಕು. ಲೆಕ್ಕಕ್ಕೆ ಅಡಿಕೆ ಎಣಿಸಿದ್ರೂ ಆಯ್ತು, ಊಟಕ್ಕೆ ತಟ್ಟೆ ಜೋಡಿಸಿದ್ರೂ ಆಯ್ತು.

ಇದನ್ನೆಲ್ಲ ಮಾಡಿಸೋದು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ. ತೋಟದ ಕೆಲಸ, ಕೂಲಿ, ಅಡುಗೆ ಮುಗಿಸಿ ಅವರೇ ಟೀಚರ್ ಕೂಡ ಆಗಬೇಕು. ಹಾಗಾಗಿ ಪಾಠ ಕಳಿಸೋಕೆ ಮೊದಲು ತಾಯಿಗೆ ಹೇಳಿಕೊಡಬೇಕು. ವಾರಕ್ಕೊಂದು ಫೋನ್ ಕರೆ ಮಾಡಿ ‘ಈ ವಾರ ಇಷ್ಟು ಮಾಡಿಸಿ’ ಅಂತ ಸ್ಪಷ್ಟವಾಗಿ ಹೇಳಿದ್ರೆ ಇಪ್ಪತ್ತು ಫೋಟೊಗಿಂತ ಅದೇ ಮೇಲು.

ದುಡ್ಡು, ದಾರಿ ಎರಡೂ ಇದೆ

ಸಮಗ್ರ ಶಿಕ್ಷಣದ ಚೌಕಟ್ಟಿನಲ್ಲಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ ₹3,500 ತನಕ ನೆರವಿಗೆ ಅವಕಾಶ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200 ಪ್ರೋತ್ಸಾಹಧನ ಬೇರೆ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆ ಶೇ 5ರಷ್ಟು ಅನುದಾನ ಮೀಸಲಿಡಬೇಕು. ಸಿಗ್ನಲ್ ಇಲ್ಲದ ಊರಿನ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯ, ಅಂದ್ರೆ ಅರಿವು ಕೇಂದ್ರದಲ್ಲಿ ವಿಡಿಯೊ ಇಳಿಸಿ ಮೆಮೊರಿ ಕಾರ್ಡ್‌ಗೆ ಹಾಕಿಕೊಡಬಹುದು. ಪಂಚಾಯಿತಿಯ ವಿಆರ್‌ಡಬ್ಲ್ಯೂ ಅದನ್ನ ಮನೆಗೆ ಮುಟ್ಟಿಸಬಹುದು. ಹೊಸ ಯೋಜನೆಯೇನೂ ಬೇಕಿಲ್ಲ. ಶಿಕ್ಷಣ ಇಲಾಖೆ ಮತ್ತು ಪಂಚಾಯಿತಿ ಒಂದು ಕಡೆ ಕೂತು ಮಾತಾಡಿದ್ರೆ ಸಾಕು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರು ಮೂರು ಪ್ರಶ್ನೆ ಕೇಳಬಹುದು. ನಮ್ಮ ಶಾಲೆಯ ಪಟ್ಟಿಯಲ್ಲಿ ಗೃಹಾಧಾರಿತ ಶಿಕ್ಷಣದ ಮಕ್ಕಳು ಎಷ್ಟು? ಕಳೆದ ತಿಂಗಳು ಅವರ ಮನೆಗೆ ಶಿಕ್ಷಕರು ಎಷ್ಟು ಸಲ ಹೋಗಿದ್ದಾರೆ? ಆ ಮಗು ಈ ವರ್ಷ ಹೊಸದಾಗಿ ಏನು ಕಲಿತಿದೆ? ಮೂರನೇ ಪ್ರಶ್ನೆಗೆ ಉತ್ತರ ಸಿಗದಿದ್ರೆ, ಮೊದಲೆರಡರ ಅಂಕಿಅಂಶ ಎಷ್ಟೇ ಚೆನ್ನಾಗಿದ್ರೂ ಆ ಮಗುವಿಗೆ ಪ್ರಯೋಜನ ಇಲ್ಲ.