ಕೂ ಮುಚ್ಚಿದ್ದಕ್ಕೆ ಜನರನ್ನು ಬೈಯಬೇಡಿ

ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಶುರುವಾದ, ಟ್ವಿಟರ್‌ನಂಥ ಕೂ ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ನಮ್ಮವರಿಗೆ ನಮ್ಮದೆಂಬ ಅಭಿಮಾನವಿಲ್ಲ, ಕನ್ನಡಿಗರೇ ಕೈಬಿಟ್ಟರು ಎಂಬ ದೂರು ಅಂದಿನಿಂದಲೂ ಕೇಳಿಬರುತ್ತಿದೆ. ವಾಟ್ಸಾಪ್‌ಗೆ ಎದುರಾಗಿ ನಿಂತಿರುವ ಜೋಹೊ ಕಂಪನಿಯ ಅರಟ್ಟೈ ಬಗ್ಗೆಯೂ ಈಗ ಅದೇ ಮಾತು. ಇದು ಬಳಕೆದಾರರಿಗೆ ಮಾಡುವ ಅನ್ಯಾಯ.

ಜನ ಬಂದಿದ್ದರು. ಏರುಗಾಲದಲ್ಲಿ ದಿನಕ್ಕೆ 21 ಲಕ್ಷ ಮಂದಿ ಕೂ ಬಳಸುತ್ತಿದ್ದರೆಂದು ಅದರ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕ ಹೇಳಿದ್ದಾರೆ. ಇಂಗ್ಲಿಷ್ ಬಾರದವರೂ ಅಳುಕಿಲ್ಲದೆ ಬರೆಯುವಂಥ ಜಾಗ ಅದಾಗಿತ್ತು. ಆದರೆ 2021ರ ಫೆಬ್ರುವರಿಯಲ್ಲಿ, ರೈತ ಹೋರಾಟದ ಖಾತೆಗಳನ್ನು ತಡೆಯುವ ವಿಚಾರದಲ್ಲಿ ಕೇಂದ್ರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ, ಸಚಿವರು ಒಬ್ಬರ ಹಿಂದೊಬ್ಬರು ಕೂಗೆ ಬಂದರು. ಬಂದವರು ಟ್ವಿಟರ್ ಬಿಟ್ಟರೇ? ಇಲ್ಲ. ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದರು. ಸರ್ಕಾರದ ಕಡೆಯವರ ಆ್ಯಪ್ ಎಂಬ ಹೆಸರು ಮಾತ್ರ ಕೂಗೆ ಅಂಟಿಕೊಂಡಿತು. ಭಿನ್ನಮತಕ್ಕೂ ಸಮನಾದ ಜಾಗ ಸಿಗುತ್ತದೆಂಬ ನಂಬಿಕೆಯಿಲ್ಲದ ಕಡೆ ಬರಹಗಾರರು, ಪತ್ರಕರ್ತರು ಹೇಗೆ ಬೇರೂರಿಯಾರು?

ಹೂಡಿಕೆ ಬತ್ತಿತು, ಸುದ್ದಿ ಆ್ಯಪ್ ಡೈಲಿಹಂಟ್ ಜೊತೆಗಿನ ಮಾರಾಟದ ಮಾತುಕತೆ ಮುರಿಯಿತು, ನಿಜ. ಆದರೆ ಮೂಲದ ಅಡ್ಡಿ ಬೇರೆಯೇ ಇದೆ. ಹತ್ತು ವರ್ಷ ಟ್ವಿಟರ್‌ನಲ್ಲಿ ಬರೆದು ಓದುಗರನ್ನು ಸಂಪಾದಿಸಿದವರು ಹೊಸ ಜಾಲಕ್ಕೆ ಹೋಗಬೇಕೆಂದರೆ ಆ ಓದುಗರನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಹೋಗಬೇಕು. ಮನೆಯವರೆಲ್ಲ ವಾಟ್ಸಾಪ್‌ನಲ್ಲಿರುವಾಗ ಒಬ್ಬರೇ ಅರಟ್ಟೈಗೆ ಹೋಗಿ ಯಾರೊಡನೆ ಮಾತಾಡಬೇಕು? ಈ ಕಟ್ಟನ್ನು ಸಡಿಲಿಸದೆ ದೇಶಾಭಿಮಾನದ ಕರೆ ಕೊಡುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಕೆಲಸ.

ಸಡಿಲಿಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. 2011ರ ಜನವರಿಯಿಂದ ಇಡೀ ದೇಶದಲ್ಲಿ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಫೋನ್‌ಪೇಯಿಂದ ಗೂಗಲ್‌ಪೇಗೆ ಹಣ ಹೋಗುತ್ತದೆ. ಯುಪಿಐ ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ. ವಾಟ್ಸಾಪ್, ಮೆಸೆಂಜರ್‌ಗಳು ಬೇರೆ ಆ್ಯಪ್‌ಗಳ ಸಂದೇಶಗಳಿಗೂ ಬಾಗಿಲು ತೆರೆಯಬೇಕೆಂದು ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ ವಿಧಿಸಿದೆ. ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೂ ಹಿಂಬಾಲಕರು ಜೊತೆಗೇ ಬರುತ್ತಾರೆ.

ಮತ್ತೆ ನಮ್ಮ ಸರ್ಕಾರ ಮಾಡಿದ್ದೇನು? 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ನಮ್ಮ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕಿತ್ತು. ಅದರ ಬದಲು ಬಂದ 2023ರ ಕಾಯ್ದೆಯಲ್ಲಿ ಆ ಹಕ್ಕೇ ಇಲ್ಲ. ಸ್ವದೇಶಿ ಆ್ಯಪ್ ಬಳಸಿ ಎಂದು ಜನರಿಗೆ ಹೇಳುವವರೇ, ಆ ಆ್ಯಪ್‌ಗಳಿಗೆ ಆಸರೆಯಾಗಬಲ್ಲ ಹಕ್ಕನ್ನು ಕೈಬಿಟ್ಟರು. 2024ರ ಮಾರ್ಚ್‌ನಲ್ಲಿ ಹೊರಬಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ ಅದು ದೊಡ್ಡ ಕಂಪನಿಗಳ ಮೇಲಿನ ಹೊಣೆಯಾಗಿ ಮರಳಿ ಕಾಣಿಸಿಕೊಂಡಿತು. ಆ ಕರಡು ಇನ್ನೂ ಕಾನೂನಾಗಿಲ್ಲ.

ಸಂಪರ್ಕ ಪಟ್ಟಿ ಒಯ್ಯಲು ಬಿಟ್ಟರೆ ಇತರರ ಖಾಸಗಿತನಕ್ಕೆ ಧಕ್ಕೆ ಎನ್ನುವ ಆಕ್ಷೇಪವಿದೆ. ಅದು ಹಗುರವಾದ ಮಾತಲ್ಲ. ಅದಕ್ಕೇ ಒಪ್ಪಿಗೆಯ ನಿಯಮ ಗಟ್ಟಿಯಾಗಿರಬೇಕು. ಹಕ್ಕನ್ನೇ ಕಿತ್ತುಹಾಕುವುದು ಅದಕ್ಕೆ ಉತ್ತರವಲ್ಲ. ಕರ್ನಾಟಕದ 28 ಲೋಕಸಭಾ ಸದಸ್ಯರು, ಯಾವ ಪಕ್ಷದವರೇ ಆಗಲಿ, ಆ ಕರಡನ್ನು ಸಂಸತ್ತಿಗೆ ತರುವಂತೆ ಕೇಳಲಿ. ಮಾಹಿತಿ ಒಯ್ಯುವ ಹಕ್ಕು ಈ ಬಾರಿಯೂ ಬಿಟ್ಟುಹೋಗದಂತೆ ಕಾಯಲಿ.