ಗಂಟಲಿನ ಕನ್ನಡಿ, ಗುರುವಿನ ಕಿವಿ

ಹಾಡು ಕಲಿಸುವವನಿಗೆ ಗಂಟಲಿನ ರಚನೆ ತಿಳಿದಿರಬೇಕೆ? ಭೌತವಿಜ್ಞಾನವನ್ನು ಬೋಧಿಸುವ ನನ್ನಂಥವನಿಂದ 'ಹೌದು' ಎಂಬ ಉತ್ತರವನ್ನೇ ವಾಚಕರು ನಿರೀಕ್ಷಿಸುವರು. ಉತ್ತರವೇನೋ ಹೌದು. ಆದರೆ ಆ ತಿಳಿವನ್ನು ಶಿಷ್ಯನ ಮುಂದೆ ಎಷ್ಟು ಬಿಚ್ಚಬೇಕು, ಎಷ್ಟು ಗುರುವಿನಲ್ಲೇ ಇರಿಸಿಕೊಳ್ಳಬೇಕು ಎಂಬುದು ವಿಚಾರಾರ್ಹವಾದ ಸಂಗತಿ. ಯೂರೋಪಿನ ಆಪೆರಾ ಎಂಬ ಗೀತನಾಟಕದ ಗಾಯಕನೊಬ್ಬನು ಗುರುವಾದ ಬಗೆಯನ್ನು ನೋಡಿದರೆ ಇದು ವಿಶದವಾಗುತ್ತದೆ.

ಮ್ಯಾನ್ಯುಯೆಲ್ ಗಾರ್ಸಿಯಾ 1805ರಲ್ಲಿ ಸ್ಪೇನಿನ ಗಾಯಕ ಮನೆತನವೊಂದರಲ್ಲಿ ಜನಿಸಿದನು. 1825ರಲ್ಲಿ ತಂದೆಯ ಮೇಳದೊಡನೆ ನ್ಯೂಯಾರ್ಕಿಗೆ ಹೋಗಿ ರೊಸ್ಸೀನಿಯ 'ಸೆವಿಲ್ಲಿನ ಕ್ಷೌರಿಕ'ದಲ್ಲಿ ಫಿಗರೋ ಪಾತ್ರವನ್ನು ಹಾಡಿದನು. ಎಳೆಯ ಕಂಠಕ್ಕೆ ಆ ದುಡಿಮೆ ಅತಿಯಾಯಿತು. ರಂಗವನ್ನು ಬೇಗನೆ ತೊರೆದು ಪ್ಯಾರಿಸ್ಸಿನಲ್ಲಿ ಪಾಠ ಹೇಳತೊಡಗಿದನು.

1841ರಲ್ಲಿ ಸ್ವೀಡನ್ನಿನ ಜೆನ್ನಿ ಲಿಂಡ್ ಅವನಲ್ಲಿಗೆ ಬಂದಳು. ಆಗ ಅವಳಿಗೆ ಇಪ್ಪತ್ತು ವರ್ಷ. ತನ್ನ ನಾಡಿನಲ್ಲಿ ಆಗಲೇ ಹೆಸರಾಗಿದ್ದಳು. ಆದರೆ ಬಿಡುವಿಲ್ಲದ ಹಾಡಿಕೆಯಿಂದ ಧ್ವನಿ ಬಳಲಿ ಒಡೆದುಹೋಗಿತ್ತು. ಗಾರ್ಸಿಯಾ ಅವಳಿಗೆ ವಿಧಿಸಿದ ಮೊದಲ ಪಾಠವೆಂದರೆ ಮೌನ. ಆರು ವಾರ ಹಾಡಕೂಡದು, ಮಾತನ್ನೂ ಆದಷ್ಟು ಆಡಕೂಡದು. ಆಮೇಲೆ ಹಲವು ತಿಂಗಳು ನಿಧಾನವಾದ ಸ್ವರಸಾಧನೆ. 1842ರಲ್ಲಿ ಅವಳು ಸ್ಟಾಕ್‌ಹೋಮಿನ ರಂಗವನ್ನು ಮತ್ತೆ ಏರಿದಳು. ಗಮನಿಸಬೇಕಾದ ಅಂಶವಿದು: ಆ ವೇಳೆಗೆ ಗಾರ್ಸಿಯಾ, ಹಾಡುತ್ತಿರುವ ಗಂಟಲಿನ ಒಳಗನ್ನು ಕಂಡವನಲ್ಲ. ಕಿವಿಯೊಂದರಿಂದಲೇ ಅವನು ರೋಗವನ್ನು ಅರಿತನು.

ಕಂಡದ್ದು 1854ರಲ್ಲಿ. ಉದ್ದ ಹಿಡಿಯ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು, ಮಂಜು ಹಿಡಿಯದಂತೆ ಬೆಚ್ಚಗೆ ಮಾಡಿ, ಕಿರುನಾಲಗೆಗೆ ತಾಗುವಂತೆ ಬಾಯೊಳಗಿರಿಸಿ, ಕೈಗನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ತೆರೆದು ಮುಚ್ಚುವುದನ್ನು ತಾನೇ ನೋಡಿದನು. ಎಂಥ ಸರಳ ದ್ಯುತಿಪ್ರಯೋಗ! ಎರಡು ಸಮತಲ ದರ್ಪಣಗಳು, ಒಂದು ಸೂರ್ಯ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ವೀಕ್ಷಣೆಯ ಪ್ರಬಂಧ ಮಂಡಿತವಾಯಿತು. ಸ್ವಲ್ಪ ಕಾಲದಲ್ಲೇ ಟ್ಯೂರ್ಕ್ ಮತ್ತು ಚೆರ್ಮಾಕ್ ಎಂಬ ವೈದ್ಯರು ಆ ಕನ್ನಡಿಯನ್ನು ಚಿಕಿತ್ಸೆಯ ಉಪಕರಣವಾಗಿ ಬೆಳೆಸಿದರು.

ಆದರೆ ಕನ್ನಡಿ ಕಾಣಿಸದ ಸಂಗತಿಗಳೂ ಇವೆ. ಪ್ರಯೋಗಶಾಲೆಯ ಅನುನಾದ ನಳಿಗೆಯನ್ನು ಕಂಡವರು ನೆನೆಯಲಿ. ಧ್ವನಿತಂತುಗಳಿಂದ ತುಟಿಯವರೆಗೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆಯುಂಟು. ಸಮಗಾತ್ರದ ಕೊಳವೆಯೆಂದೆಣಿಸಿದರೆ ಅದು ಸೆಕೆಂಡಿಗೆ ಸುಮಾರು 500, 1500, 2500 ಕಂಪನಗಳಲ್ಲಿ ಅನುನಾದಗೊಳ್ಳುತ್ತದೆ. ನಾಲಗೆ, ದವಡೆಗಳು ಈ ಸಂಖ್ಯೆಗಳನ್ನು ಹಿಂದುಮುಂದೆ ಸರಿಸುತ್ತಲೇ ನಮ್ಮ ಸ್ವರಾಕ್ಷರಗಳು ಮೂಡುತ್ತವೆ. ಇನ್ನು ವಾದ್ಯವೃಂದದ ಶಕ್ತಿ ಹೆಚ್ಚಾಗಿ 500 ಕಂಪನಗಳ ಸುತ್ತ ಇದ್ದು, ಮೇಲೇರಿದಂತೆ ಕುಗ್ಗುತ್ತದೆ. ಪಳಗಿದ ಆಪೆರಾ ಗಾಯಕನ ಧ್ವನಿಯಲ್ಲಾದರೋ 3000ದ ಆಸುಪಾಸಿನಲ್ಲಿ ಮತ್ತೊಂದು ಶಿಖರ ಕಾಣುತ್ತದೆ. ಅಲ್ಲಿ ವಾದ್ಯಗಳು ದುರ್ಬಲ, ಕಿವಿಯೋ ಬಲು ಸೂಕ್ಷ್ಮ. ಧ್ವನಿವರ್ಧಕವಿಲ್ಲದೆಯೇ ಒಂದು ಗಂಟಲು ಹತ್ತಾರು ವಾದ್ಯಗಳನ್ನು ದಾಟಿ ಕೇಳಿಸುವ ಗುಟ್ಟು ಇದು. 1970ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಇದಕ್ಕೆ ಕಾರಣವನ್ನು ವಿವರಿಸಿದರು: ಧ್ವನಿಪೆಟ್ಟಿಗೆ ತಗ್ಗಿ, ಅದರ ಮೇಲಿನ ಗಂಟಲು ಅದರ ಬಾಯಿಗಿಂತ ಆರು ಪಾಲಿಗೂ ಮಿಗಿಲಾಗಿ ಅಗಲಿಸಿದಾಗ ಆ ಕಿರುಕೋಶ ಸ್ವತಂತ್ರ ಅನುನಾದಕವಾಗುತ್ತದೆ.

ಈ ಲೆಕ್ಕವನ್ನು ಶಿಷ್ಯನಿಗೆ ಹೇಳಿ 'ಆರು ಪಾಲು ಅಗಲಿಸು' ಎಂದರೆ ಅವನೇನು ಮಾಡಿಯಾನು? ಅಲ್ಲಿನ ಸ್ನಾಯುಗಳು ಬೆರಳಿನಂತೆ ನಮ್ಮ ಆಣತಿಗೆ ಬಗ್ಗುವಂಥವಲ್ಲ. ಆದರೆ ಹಳೆಯ ಗುರುಗಳು 'ಆಕಳಿಕೆ ಬರುವ ಮುನ್ನ ಗಂಟಲು ಹೇಗಿರುವುದೋ ಹಾಗಿರಿಸಿ ಹಾಡು' ಎನ್ನುತ್ತಿದ್ದರು. ಆಗ ಧ್ವನಿಪೆಟ್ಟಿಗೆ ತಗ್ಗುತ್ತದೆ, ಗಂಟಲು ಅಗಲಿಸುತ್ತದೆ. ಉಪಮಾನವೇ ಇಲ್ಲಿ ವಿಜ್ಞಾನದ ಕೆಲಸವನ್ನು ಮಾಡಿಬಿಟ್ಟಿತು. 'ನಾದವನ್ನು ಮುಖದಲ್ಲಿರಿಸು' ಎಂಬ ಮಾತೂ ಪ್ರಸಿದ್ಧ. ಮುಖದ ಎಲುಬಿನ ಅದಿರು ನಾದದ ಫಲವೇ ಹೊರತು ಕಾರಣವಲ್ಲ, ಭೌತವಿಜ್ಞಾನಿ ನಗುವನು. ನಾನೂ ನಗುತ್ತಿದ್ದೆ, ಈಗ ನಗುವುದಿಲ್ಲ. ತನ್ನ ಧ್ವನಿಯನ್ನು ಹೊರಗಿನವರಂತೆ ಕೇಳಲಾರದ ಗಾಯಕನಿಗೆ ಆ ಅದಿರು ಒಂದು ಗುರುತಾದರೂ ಆಗುತ್ತದೆ.

ಹಾಗೆಂದು ಉಪಮಾನಗಳೆಲ್ಲ ನಿರಪಾಯಕರವಲ್ಲ. ಸ್ವತಃ ಗಾರ್ಸಿಯಾನೇ ಸ್ವರದ ನಿರ್ಮಲ ಆರಂಭಕ್ಕೆ 'ಕಂಠದ್ವಾರದ ಹೊಡೆತ' ಎಂಬರ್ಥದ ಹೆಸರನ್ನಿಟ್ಟು ತೊಂದರೆಗೆ ಸಿಕ್ಕಿದನು. ಅವನು ಬಯಸಿದ್ದು ಹಗುರವಾದ ಕೂಡಿಕೆ. ಹೆಸರನ್ನಷ್ಟೇ ಹಿಡಿದುಕೊಂಡವರು ಗಂಟಲನ್ನು ನಿಜವಾಗಿಯೇ ಬಡಿಯತೊಡಗಿದರು. ಆ ವಿವಾದ ದಶಕಗಟ್ಟಲೆ ನಡೆಯಿತು. ಅಷ್ಟು ಎಚ್ಚರದ ಪಂಡಿತನೂ ಒಂದು ಪದದಲ್ಲಿ ಎಡವಿದನೆಂದ ಮೇಲೆ, ಕಂಠದ ಒಳಗನ್ನು ತಿಳಿಯಲೊಲ್ಲದ ಗುರುವಿನ ಬಾಯಲ್ಲಿ ಇಂಥ ಮಾತು ಎಷ್ಟು ಅನರ್ಥ ಮಾಡೀತು!

ಆದುದರಿಂದ ನನ್ನ ಮತವಿದು. ಗುರು ಶಿಷ್ಯನೊಡನೆ ಆಕಳಿಕೆಯ ಭಾಷೆಯನ್ನೇ ಆಡಲಿ. ಆದರೆ ಆ ಮಾತು ಯಾವ ಸ್ನಾಯುವನ್ನು ಎತ್ತ ಎಳೆಯುತ್ತದೆಂಬುದು ಅವನಿಗೆ ಗೊತ್ತಿರಲಿ. ಪಿಟೀಲಿನ ತಂತಿ ಹರಿದರೆ ಬೇರೆ ತಂತಿ ಕಟ್ಟಬಹುದು; ಧ್ವನಿತಂತುವಿಗೆ ಬದಲಿಲ್ಲ. ಶಿಷ್ಯನ ಧ್ವನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ 'ಇನ್ನಷ್ಟು ಸಾಧನೆ ಮಾಡು' ಎನ್ನದೆ ಅವನನ್ನು ಗಂಟಲಿನ ವೈದ್ಯರಲ್ಲಿಗೆ ಕಳುಹಿಸಲಿ. ಅಲ್ಲಿ ಕೆಲವು ನಿಮಿಷಗಳಲ್ಲೇ ಅವನ ಧ್ವನಿತಂತುಗಳನ್ನು ನೋಡಿ ಹೇಳುವರು. ಲಿಂಡ್ ಬಂದಾಗ ಗಾರ್ಸಿಯಾನಿಗೆ ಆ ಅನುಕೂಲ ಇರಲಿಲ್ಲ.